ಐದು ಮಂದಿಯನ್ನೇ ನೋಡುತ್ತಿದ್ದ ಆಂಟಿ

ಅಮೆರಿಕದ ಜಾನ್ಸ್ ಕ್ರೀಕ್‌ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ಧಾರವಾಡದ ಕಡೆಯವರು. ಭಾನುವಾರ ಅವರ ಮನೆಯಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡಲು ಸೇರುತ್ತಿದ್ದ ನಾವು ನಾಲ್ವರು ಗೆಳೆಯರು, ಅವರ ಗಂಡ ಅಂಕಲ್, ಎಲ್ಲರ ಕಣ್ಣೂ ಚೆಂಡಿನ ಮೇಲೆ. ಆಂಟಿ ಮಾತ್ರ ಸೌಟು ಹಿಡಿದು ಬಾಗಿಲಲ್ಲಿ ನಿಂತು, ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐದು ದಢೂತಿ ಆಟಗಾರರನ್ನೇ ನೋಡುತ್ತಿದ್ದರು. ನಮ್ಮ ತಂಡದಲ್ಲಿ ‘ಲೈನ್’ ಎನ್ನುವ ಆ ಸಾಲು ಬಲು ದುರ್ಬಲ; ಎದುರಾಳಿಗಳು ಕ್ಷಣದಲ್ಲಿ ನುಗ್ಗಿಬಿಡುತ್ತಿದ್ದರು.

“ಈ ಕೋಚ್ ಯಾಕೆ ಒಂದೂ ಲಾಂಗ್ ಪಾಸ್ ಟ್ರೈ ಮಾಡಿಸಲ್ಲ?” ಎಂದು ನಾವು ಕೂಗಾಡಿದರೆ ಆಂಟಿಯದು ಒಂದೇ ಉತ್ತರ: “ದೂರ ಎಸೆಯಾಕ ಅವಗ ಟೈಮ್ ಎಲ್ಲೈತ್ರಿ? ಲಗೂನ ಹತ್ತಿರಕ್ಕ ಶಾರ್ಟ್ ಪಾಸ್ ಒಂದ ಗತಿ.”

ಒಮ್ಮೆ ಊಟಕ್ಕೆ ಬಿಸಿ ಜೋಳದ ರೊಟ್ಟಿ ಬೇಕೆಂದು ಸೋಫಾದಿಂದಲೇ ಕೇಳಿದೆವು. ಆಂಟಿ ಮೊಸರನ್ನದ ಪಾತ್ರೆ ತಂದಿಟ್ಟರು.

“ನನ್ನ ಮುಂದ ಲೈನ್ ಎಲ್ಲೈತಿ? ಎಲ್ಲಾರೂ ಇಲ್ಲೇ ಕುಂತೀರಿ. ಇವತ್ತು ಶಾರ್ಟ್ ಪಾಸ್. ಉಣ್ರಿ.”

ಮುಂದಿನ ವಾರ ಅಂಕಲ್ ಸೇರಿ ನಾವು ಐವರೂ ಅಡುಗೆಮನೆಯಲ್ಲಿ ನಿಂತೆವು. ಅಂಕಲ್ ಹಿಟ್ಟು ನಾದಿದರು, ಒಬ್ಬ ಬದನೆಕಾಯಿ ಹೆಚ್ಚಿದ, ನಾನು ಪಾತ್ರೆ ತೊಳೆದೆ. ಆಂಟಿ ಅವಸರವಿಲ್ಲದೆ ರೊಟ್ಟಿ ಬಡಿದರು. ಹೊರಗೆ ಟಿವಿಯಲ್ಲಿ ನಮ್ಮ ತಂಡ ಸೋಲುತ್ತಿತ್ತು. ಯಾರೂ ನೋಡಲು ಹೋಗಲಿಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು.