ನನ್ನ ತಮ್ಮನ ಬಾಣಂತನ

ಬಾಣಂತಿಗೆ ನೀರು ಕೊಡಬಾರದು ಅಂತ ಯಾವ ಪುಣ್ಯಾತ್ಮ ಹೇಳಿದನೋ, ಅವನ ಬಾಯಿಗೆ ಮಣ್ಣು ಬೀಳಲಿ! ಯುದ್ಧದ ಕಾಲ. ಚೊಚ್ಚಲ ಹೆರಿಗೆಗೆ ಗಂಡನ ಊರು ಪತ್ತಿಕೊಂಡದಿಂದ ಆದವಾನಿಯ ತವರಿಗೆ ಬಂದಿದ್ದೆ. ಹಡೆದ ಮೇಲೆ ಅವ್ವ ನನ್ನನ್ನು ಕತ್ತಲೆ ಕೋಣೆಗೆ ಹಾಕಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಕಾಸಿದ ನೀರನ್ನು ಗುಟುಕು ಗುಟುಕಾಗಿ ಕೊಡುತ್ತಿದ್ದಳು. ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಹೋಗಲಿ, ನಾನಾದರೂ ಹಡೆದವಳು. ನನ್ನ ತಮ್ಮನಿಗೂ ಆ ಮನೆಯಲ್ಲಿ ಅದೇ ಪಥ್ಯ ನಡೆದಿತ್ತು.

ಅಪ್ಪನ ಹತ್ತಿ ಅಂಗಡಿಯಲ್ಲಿ ಆಳುಗಳ ಜೊತೆ ಹತ್ತಿ ತುಂಬಿದ ಅಂಡಿಗೆ ಎತ್ತುತ್ತಿದ್ದ ಗಟ್ಟಿ ಹುಡುಗ ಅವನು. ಈಗ ಕೆನ್ನೆ ಒಳಗೆ ಹೋಗಿತ್ತು. ಕೋಣೆಯ ಹೊಸ್ತಿಲ ಮೇಲೆ ಕೂತು, ನನ್ನ ಕೂಸಿನ ಕಾಲು ಹಿಡಿದು ನಗುತ್ತಿದ್ದ.

"ಯಕ್ಕಾ, ಈ ಮನ್ಯಾಗ ಈಗ ಇಬ್ರು ಬಾಣಂತೇರು ನೋಡು. ನಿಂದು ಮುಗೀತೈತಿ. ನಂದು ಯಾವಾಗೋ?"

ಸುರುವಾದದ್ದು ಹಿತ್ತಲಿನ ಕರಿ ಬಂಡೆಯಿಂದ. ಬಚ್ಚಲ ಪಕ್ಕದ ಆ ಬಂಡೆಯ ಮೇಲೆ ಅವನು ಮೂತ್ರಕ್ಕೆ ಕೂತೆದ್ದು ಹೋದರೆ, ಬಿಸಿಲಿಗೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತಿತ್ತು, ಗೋಡೆಗೆ ಬಳಿದ ಸುಣ್ಣದ ಹಾಗೆ. ಅವ್ವ ನೋಡಿ ಎದೆ ಬಡಿದುಕೊಂಡಳಂತೆ. ನಮ್ಮ ಕಡೆ ಬಿಳಿ ಮೂತ್ರ ಅಂದರೆ ಎಲ್ಲರಿಗೂ ಒಂದೇ ಅರ್ಥ. ಧಾತು ಹೋಗುತ್ತಿದೆ, ಗಂಡಸುತನ ಸೋರಿಹೋಗುತ್ತಿದೆ. ಅದರ ಮೇಲೆ ಎಮ್ಮಿಗನೂರಿನ ನೂಲಿನ ವ್ಯಾಪಾರಿಯ ಮಗಳನ್ನು ಅವನಿಗೆ ಗೊತ್ತು ಮಾಡಿ ವೀಳ್ಯ ಆಗಿಹೋಗಿತ್ತು. ಈ ಸುದ್ದಿ ಅಲ್ಲಿಗೆ ಮುಟ್ಟಿದರೆ? ಅಪ್ಪ ಯಾರಿಗೂ ತಿಳಿಯದ ಹಾಗೆ ಒಬ್ಬ ಪಂಡಿತನನ್ನು ಕರೆಸಿದ.

ಪಂಡಿತ ಬಂಡೆ ನೋಡಿದ, ನಾಡಿ ಹಿಡಿದ, ತಲೆ ಅಲ್ಲಾಡಿಸಿದ. ನೀರು ಕುಡಿದಷ್ಟೂ ಧಾತು ತೆಳ್ಳಗಾಗಿ ಹರಿದುಹೋಗುತ್ತದೆ, ಅದಕ್ಕೆ ನೀರು ಬಂದ್. ಗಟ್ಟಿ ಹಾಲು, ಎಳ್ಳುಂಡಿ, ಮೂರು ಹೊತ್ತು ಕವಡೆ ಸುಟ್ಟ ಭಸ್ಮ. ಮನೆಯಲ್ಲಿ ನಾವಿಬ್ಬರೂ ಚೌಕಾಬಾರ ಆಡಿ ಬೆಳೆದ ಕವಡೆಗಳಿದ್ದವು. ಅವ್ವ ಅವನ್ನೇ ತೆಗೆದುಕೊಟ್ಟಳು.

"ಆಟದಾಗ ನಿನ್ನ ಕಾಯಿ ಕಡೀತಿದ್ದೆ, ಈಗ ಕವಡೀನ ನುಂಗಾಕ ಹತ್ತೀನಿ" ಅಂದ ತಮ್ಮ. ನಕ್ಕೆ. ಏನು ಮಾಡಲಿ, ಅವನ ಮಾತೇ ಹಾಗಿತ್ತು.

ನೀರು ಕುಡಿಯೋದಿಲ್ಲ ಅಂತ ಅವ್ವ ಅವನಿಂದ ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿದ್ದಳು. ಹುಡುಗ ಆಣೆ ಮೀರುವವನಲ್ಲ. ನನ್ನ ಪಾಲಿನ ಗುಟುಕು ಮುಂದೆ ಹಿಡಿದರೂ ಮುಖ ತಿರುಗಿಸುತ್ತಿದ್ದ. ಆದರೆ ಲಿಂಗಕ್ಕೆ ಎರೆದ ನೀರು ನೀರಲ್ಲ, ಪಾದೋದಕ. ಅದನ್ನು ಬೇಡ ಅನ್ನುವಂತಿಲ್ಲ. ಬೆಳಿಗ್ಗೆ ಸಂಜೆ ಪೂಜೆ ಮಾಡುತ್ತಿದ್ದವನು ಮಧ್ಯಾಹ್ನವೂ ಮಾಡತೊಡಗಿದ, ಆಮೇಲೆ ಅಂಗಡಿಯಿಂದ ಬಂದಾಗಲೆಲ್ಲ ಮಾಡತೊಡಗಿದ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಎರೆಯೋದು, ಬಟ್ಟಲಿಗೆ ಇಳಿದದ್ದನ್ನು ಕಣ್ಣು ಮುಚ್ಚಿ ಹೀರೋದು. ಬಟ್ಟಲು ಬರಬರುತ್ತ ದೊಡ್ಡದಾಯಿತು.

"ಮಗ ಭಾಳ ಭಕ್ತಿವಂತ ಆಗ್ಯಾನ" ಅಂತ ಅಪ್ಪ ಹಿಗ್ಗಿದ. ನನಗೆ ಮಾತ್ರ ಅದು ದಾಹ ಅಂತ ಗೊತ್ತಿತ್ತು, ಯಾಕೆಂದರೆ ನನಗೂ ಅದೇ ದಾಹ. ಅದೂ ಪಂಡಿತನ ಕಣ್ಣಿಗೆ ಬಿತ್ತು. ಪಾದೋದಕ ಮೂರೇ ಹನಿ ಸಾಕು ಅಂದ, ಪಾಪಿ!

ನನ್ನ ಬಾಣಂತನದ ಕಟ್ಟು ಮುಗಿಯಿತು. ಹೊರಗೆ ಬಂದ ದಿನ ತಂಬಿಗೆ ಎತ್ತಿ ಗಟಗಟ ಕುಡಿದೆ. ತಮ್ಮ ಕಂಬಕ್ಕೆ ಒರಗಿ ನೋಡುತ್ತಿದ್ದ.

ಆಮೇಲೆ ಅವನಿಗೆ ಸೊಂಟದ ಹಿಂದೆ ನೋವು ಎದ್ದಿತು. ಉರುಳಾಡಿ ಗೋಡೆ ಪರಚುತ್ತಿದ್ದ. ಮೂತ್ರ ಕೆಂಪಾಯಿತು, ಕಮ್ಮಿಯಾಯಿತು. "ಆಸ್ಪತ್ರಿಗಿ ಒಯ್ಯಪ್ಪಾ" ಅಂತ ನಾನು ಅಪ್ಪನ ಕಾಲು ಹಿಡಿದೆ.

"ಊರಿಗೆಲ್ಲ ಡಂಗುರ ಹೊಡಿಬೇಕೇನ? ಬೀಗರ ಮುಂದ ಮಾರಿ ಹೆಂಗ ಎತ್ಲಿ?" ಅಂದ ಅಪ್ಪ.

"ಸುಡ್ಲಿ ನಿನ್ನ ಬೀಗತನ! ಮದಿವಿ ಮಾಡಾಕ ಮಗ ಉಳೀಬೇಕಲ್ಲ?" ಅಂದೆ. ಅಪ್ಪನ ಮುಂದೆ ಅಷ್ಟು ಗಟ್ಟಿ ದನಿ ಎತ್ತಿದ್ದು ಅದೇ ಮೊದಲು. ಅಪ್ಪ ಅಂಗಡಿಗೆ ಎದ್ದು ಹೋದ.

ಮುಖ ಕಾಲು ಬಾತು, ಮೂತ್ರ ಕಟ್ಟಿದ ಮೇಲೆಯೇ ಅವನನ್ನು ರೈಲಿನಲ್ಲಿ ಬಳ್ಳಾರಿಗೆ ಒಯ್ದದ್ದು. ಕೂಸನ್ನು ಬಗಲಲ್ಲಿಟ್ಟುಕೊಂಡು ನಾನೂ ಹೋದೆ. ಡಾಕ್ಟರು ತೆಲುಗಿನವರು, ವಯಸ್ಸಾದವರು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಬೆನ್ನೆಲುಬಿನ ಎರಡೂ ಕಡೆ ಬೆಳ್ಳಗೆ ಹರಳು ಹರಳಾಗಿ ಕಲ್ಲು. ಏನು ತಿನ್ನಿಸುತ್ತಿದ್ದಿರಿ ಅಂತ ಕೇಳಿದರು. ಅವ್ವ ಸೆರಗಿನ ಗಂಟಿನಿಂದ ಭಸ್ಮದ ಡಬ್ಬಿ ತೆಗೆದು, ಔಷಧ ತಪ್ಪಿಸಿಲ್ಲ ಅಂತ ತೋರಿಸಿದಳು.

"ಅಯ್ಯೋ ತಲ್ಲೀ, ಇದೂ ಸುಣ್ಣಾನೇ ಅಲ್ಲವಾ?" ಅಂದರು ಡಾಕ್ಟರು.

ಕೆಲವರ ಮೈ ಸುಣ್ಣವನ್ನು ಮೂತ್ರದಲ್ಲಿ ಹೆಚ್ಚಾಗಿ ಹೊರಗೆ ಬಿಡುತ್ತದೆ, ಬಂಡೆಯ ಮೇಲೆ ಉಳಿದದ್ದು ಅದೇ, ಧಾತುವೂ ಅಲ್ಲ ಗೀತುವೂ ಅಲ್ಲ ಅಂದರು. ನೀರು ಕಡಿಮೆಯಾದರೆ ಆ ಸುಣ್ಣ ಒಳಗೇ ಕಲ್ಲು ಕಟ್ಟುತ್ತದೆ. ಕೊಡಗಟ್ಟಲೆ ನೀರು ಕುಡಿಸಿದ್ದರೆ ಬದುಕಬಹುದಿತ್ತು, ಮದುವೆಗೂ ಏನೂ ಅಡ್ಡಿಯಿರಲಿಲ್ಲ. ಈಗ ಎರಡೂ ಮೂತ್ರಪಿಂಡ ಕೆಟ್ಟಿವೆ, ಕೊಯ್ದರೂ ಉಳಿಯೋದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು. ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವ್ವ ಡಬ್ಬಿಯ ಮುಚ್ಚಳ ತೆಗೆಯೋದು, ಹಾಕೋದು ಮಾಡುತ್ತಿದ್ದಳು.

ಹಣೆಬರಹ ಅಂದರು ನೆಂಟರು. ಹಣೆಬರಹವಂತೆ, ಮಣ್ಣು! ನೀರಿಲ್ಲದೆ ಕೊಂದೆವು.

ಕೊನೆಯ ದಿನ ಮಠದ ಅಯ್ಯನವರು ಬಂದು ಪಡಸಾಲೆಯಲ್ಲಿ ಮಣೆ ಮೇಲೆ ಕೂತರು. ಅಪ್ಪ ಅವರ ಪಾದ ತೊಳೆದ. ಆ ತೊಳೆದ ನೀರೂ ಪಾದೋದಕವೇ, ಸಾಯುವವರಿಗೆ ಅದನ್ನು ಕೊಡೋದು ನಮ್ಮ ಪದ್ಧತಿ. ಅಯ್ಯನವರು ಮೂರು ಹನಿ ತಮ್ಮನ ತುಟಿಗೆ ಬಿಟ್ಟು ಕೈ ತೆಗೆದರು.

ಅವ್ವ ಬಟ್ಟಲು ಕಿತ್ತುಕೊಂಡಳು. "ಕುಡಿಯೋ ನನ್ನಪ್ಪಾ, ಎಷ್ಟು ಬೇಕೋ ಅಷ್ಟು ಕುಡಿ, ಆಣಿ ಇಲ್ಲ, ನಾ ಬಿಟ್ಟೀನಿ" ಅನ್ನುತ್ತ ಸುರಿದಳು. ಬಟ್ಟಲು ಬರಿದಾದ ಮೇಲೆ ತಂಬಿಗೆ ಎತ್ತಿ ಸುರಿದಳು. ನೀರು ಅವನ ಬಾಯಿಯ ಎರಡೂ ಕಡೆ ಹರಿದು ದಿಂಬು ನೆನೆಯಿತು. ಅವನ ಗಂಟಲು ಅಲುಗಲಿಲ್ಲ.