ಗೆದ್ದವನಿಗೆ ಹತ್ತು ಚೀಲ ಭತ್ತ

ಭಾನುವಾರ ಸಂಜೆ ಶಹಾಪುರದ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಿಂದ ‘ಥೂ’ ಎಂದು ಉಗುಳಿದ ಸದ್ದು ಕೇಳಿದರೆ, ಯಾವುದೋ ದೇಶದಲ್ಲಿ ಫಾರ್ಮುಲಾ ಒನ್ ರೇಸು ನಡೆಯುತ್ತಿದೆ ಎಂದು ತಿಳಿಯಬೇಕು. ಉಗುಳಿದವರು ಫಕ್ರುದ್ದೀನ ಮಿಸ್ತ್ರಿ. ಟ್ರ್ಯಾಕ್ಟರ್ ರಿಪೇರಿಯಲ್ಲೇ ತಲೆ ನರೆತ ಮನುಷ್ಯ. ಬಾಯಲ್ಲಿ ಎಲೆಅಡಿಕೆ ಹಾಕಿಕೊಂಡು, ಎಣ್ಣೆ ಡಬ್ಬಿಗೆ ಮೊಬೈಲು ಒರಗಿಸಿ ಕೂತರೆ ರೇಸು ಮುಗಿಯುವವರೆಗೆ ಏಳುವುದಿಲ್ಲ. ಪಕ್ಕದ ಹಳೆಯ ಟೈರಿನ ಮೇಲೆ ನಾನು. ಕಾರಿನ ಬಗ್ಗೆ ನನಗೆ ಗೊತ್ತಿರುವುದು ಹಾರ್ನ್ ಎಲ್ಲಿದೆ ಎಂಬುದಷ್ಟೇ. ನಾನು ಹೋಗುವುದು ಚಹಾಕ್ಕೆ.

“ನೋಡ್ರಿ ಸರ, ಸುರು ಆದಾಗ ಮುಂದಿದ್ದಾವ ಈಗೂ ಮುಂದ. ಹಿಂದಿದ್ದಾವ ಹಿಂದ. ಇದಕ್ಕ ರೇಸ್ ಅಂತಾರೇನ್ರಿ? ಮೆರವಣಿಗಿ ಇದು!”

“ಮತ್ತ ಯಾಕ ನೋಡ್ತೀರಿ ಭಾಯ್?”

“ಹೇಸಿಗಿ ಪಡಾಕ.”

ಹೇಸಿಗೆ ಪಡಲು ಅವರಿಗೆ ಊರಿನದೇ ಕಾರಣವೂ ಇತ್ತು. ಭತ್ತದ ಕೊಯ್ಲು ಮುಗಿದ ಮೇಲೆ ಕೆಂಭಾವಿ ಕಡೆಯ ಹೊಲವೊಂದರಲ್ಲಿ ಪ್ರತಿವರ್ಷ ಟ್ರ್ಯಾಕ್ಟರ್ ರಿವರ್ಸ್ ಪಂದ್ಯ ನಡೆಯುತ್ತದೆ. ಶುರು ಮಾಡಿದವರು ಇವರೇ. ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ಸುಣ್ಣದ ಗೆರೆ ತುಳಿಯದೆ ಹಿಂದಕ್ಕೆ ಓಡಿಸಬೇಕು. ಬೇಗ ಮುಟ್ಟಿದವನು ಗೆದ್ದ. ಜಗತ್ತೆಲ್ಲ ಮುಂದಕ್ಕೆ ಓಡುವಾಗ ನಾವು ಹಿಂದಕ್ಕೆ ಓಡುತ್ತೇವೆ ಎಂದು ನಾನು ಪ್ರತಿವರ್ಷ ಮೈಕಿನಲ್ಲಿ ಹೇಳುತ್ತೇನೆ. ಈವರೆಗೆ ಯಾರೂ ನಕ್ಕಿಲ್ಲ.

ಮೊದಮೊದಲು ಹೊಲದ ತುಂಬ ಟ್ರ್ಯಾಕ್ಟರುಗಳು. ಹೋದ ವರ್ಷ ಬಂದದ್ದು ನಾಲ್ಕೇ. ಕಾರಣ, ಹತ್ತಿ ಮಿಲ್ಲಿನ ಬಸವಕುಮಾರ. ಅವನದು ಪ್ರತಿಸಲ ಹೊಸ ಟ್ರ್ಯಾಕ್ಟರು, ಬೆರಳಲ್ಲಿ ತಿರುಗುವ ಸ್ಟೇರಿಂಗು, ಸಂಬಳದ ಡ್ರೈವರು. ಸತತವಾಗಿ ಅವನೇ ಗೆಲ್ಲುತ್ತಿದ್ದ. ಅಳಿಯನಿಗಿಂತ ಹಳೆಯ ಟ್ರ್ಯಾಕ್ಟರಿಟ್ಟ ಹಂಪಣ್ಣ ಒಂದು ದಿನ ಗ್ಯಾರೇಜಿಗೇ ಬಂದು ಹೇಳಿದ:

“ಅವನ ಮೆರವಣಿಗಿಗಿ ನಾವ್ಯಾಕ ಡೀಜಲ್ ಸುಡಬೇಕ್ರಿ? ಈ ಸಲಾನೂ ಅವನೇ ಗೆದ್ರ ಮುಂದ ನಮ್ಮನ್ಯಾರ್ನೂ ಕರೀಬ್ಯಾಡ್ರಿ. ನಿಮ್ಮ ಪಂದ್ಯ, ಬಸವಕುಮಾರ, ನೀವಿಬ್ಬರೇ ಆಡ್ಕೊಳ್ರಿ.”

ಮಿಸ್ತ್ರಿ ಎರಡು ದಿನ ಸರಿಯಾಗಿ ಉಗುಳಲೇ ಇಲ್ಲ. ಮುಂದಿನ ಭಾನುವಾರ ಮೊಬೈಲು ನೋಡುತ್ತಿದ್ದವರು ನನ್ನ ತೊಡೆ ಗುದ್ದಿದರು.

“ಸರ! ಕೆಲವು ಕಾರ್ ರೇಸಿನಾಗ ಗೆದ್ದಾವನ ಗಾಡಿಗಿ ಮುಂದಿನ ಸಲ ತೂಕ ಹೇರ್ತಾರಂತ! ಎಲ್ಲಾರೂ ಬರೋಬ್ಬರಿ ಆಗಬೇಕು ಅಂತ. ನಾವೂ ಹೇರೂಣು. ಬಸವಕುಮಾರನ ಟ್ರಾಲಿಗಿ ಹತ್ತ ಚೀಲ ಭತ್ತ!”

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಚಹಾ ತಂದ ಅವರ ಹೆಂಡತಿ ರುಕ್ಸಾನಾ ಮಾತ್ರ, “ಮನ್ಯಾಗಿನ ಚೀಲ ಮುಟ್ಟೀರಿ ಮತ್ತ!” ಎಂದು ಒಳಗೆ ಹೋದರು.

ಬಸವಕುಮಾರ ನಗುತ್ತ ಒಪ್ಪಿದ. ‘ಹೇರ್ರಿ, ನನ್ನದೇನದ’ ಎಂದ. ಎಂಥ ದೊಡ್ಡ ಮನಸ್ಸು ಎಂದು ನಾನು ಅದನ್ನೂ ಮೈಕಿನಲ್ಲಿ ಹೊಗಳಿದೆ.

ಪಂದ್ಯದ ದಿನ ಕಾಲುವೆಯ ನೀರು ಬಸಿದು ಎರೆಮಣ್ಣು ಅಂಟಂಟಾಗಿತ್ತು. ಮೊದಲು ಹಂಪಣ್ಣ. ಹಿಂದಿನ ಗಾಲಿಗಳು ನಿಂತಲ್ಲೇ ಗರಗರ ತಿರುಗಿದವು. ಖಾಲಿ ಟ್ರಾಲಿ ಕುಪ್ಪಳಿಸಿ, ಸೊಟ್ಟಗಾಗಿ, ಸುಣ್ಣದ ಗೆರೆಯನ್ನೇ ಅಳಿಸಿತು. ಅವನ ನಂತರದವರದೂ ಅದೇ ಗತಿ. ಕೊನೆಗೆ ಬಸವಕುಮಾರನ ಟ್ರ್ಯಾಕ್ಟರು. ಹತ್ತು ಚೀಲದ ಭಾರ ಟ್ರಾಲಿಯನ್ನು ಅಲುಗದಂತೆ ಕೂರಿಸಿ, ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತಿ ಹಿಡಿಯಿತು. ಸಂಜೆ ಕೊಟ್ಟಿಗೆಗೆ ಮರಳುವ ಎಮ್ಮೆಯಂತೆ ಅದು ನೆಟ್ಟಗೆ ಹೋಗಿ ನಿಂತಿತು.

ಹಸಿ ನೆಲಕ್ಕೆ ಇಳಿಯುವ ಮುಂಚೆ ಖಾಲಿ ಟ್ರಾಲಿಗೆ ನಾಲ್ಕು ಕಲ್ಲಾದರೂ ಎಸೆಯಬೇಕೆಂದು ಆ ಹೊಲದಲ್ಲಿದ್ದ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಎಲ್ಲರೂ ಮಾಡುವುದೇ ಅದು. ಗಿರಾಕಿಗಳಿಗೆ ಬೈದು ಹೇಳುವವರು ಸ್ವತಃ ಮಿಸ್ತ್ರಿ. ಆದರೆ ಅಂದು ನಮ್ಮೆಲ್ಲರ ತಲೆಯಲ್ಲಿ ಪರದೇಶದ ಕಾರುಗಳು ಓಡುತ್ತಿದ್ದವು. ಮರೆಯದವನು ಬಸವಕುಮಾರನೊಬ್ಬ.

“ಭಾಯ್, ಭತ್ತ ಹೇರಿದ್ದು ಭಾಳ ಛಲೋ ಆತ್ರಿ,” ಎಂದ ಅವನು, ಗೆಲುವಿನ ಹಾರ ಸರಿಮಾಡಿಕೊಳ್ಳುತ್ತ. “ಮುಂದಿನ ವರ್ಷ ಹದಿನೈದು ಹೇರ್ರಿ.”

ಮಿಸ್ತ್ರಿ ಉಗುಳಲು ಜಾಗ ಹುಡುಕಿದರು. ಸುತ್ತಲೂ ಜನ. ನಾನು ಕಂಡಂತೆ ಮೊದಲ ಸಲ ಅವರು ನುಂಗಿದರು.

ಅಷ್ಟರಲ್ಲಿ ಹಂಪಣ್ಣ, ಹಿಂದೆ ಉಳಿದವರೆಲ್ಲ, ಕೆಸರು ಮೆತ್ತಿದ ಕಾಲಲ್ಲಿ ಬಂದು ನಿಂತರು. ಇಲ್ಲಿಗೆ ಪಂದ್ಯದ ಕತೆ ಮುಗಿಯಿತೆಂದು ನಾನು ಮೈಕು ಆರಿಸಿದೆ.

“ಮುಂದಿನ ವರ್ಷ ಬರ್ತೀವ್ರಿ,” ಎಂದ ಹಂಪಣ್ಣ. “ಆದ್ರ ನಮಗೂ ಹತ್ತ ಹತ್ತ ಚೀಲ ಹೇರಬೇಕು.”

“ಲೇ, ಅದು ಶಿಕ್ಷಾನೋ!” ಎಂದರು ಮಿಸ್ತ್ರಿ.

“ಇರಲ್ರಿ. ಅವನಿಗೊಬ್ಬನಿಗೇ ಯಾಕ ಶಿಕ್ಷಾ? ನಮಗೂ ಕೊಡ್ರಿ.”

“ಎಲ್ಲಾರಿಗೂ ಹೇರಿದ್ರ ಮತ್ತ ಅವನೇ ಗೆಲ್ತಾನಲ್ಲೋ ಹಂಪಣ್ಣ!”

“ಗೆಲ್ಲಲಿ ಬಿಡ್ರಿ. ನಮಗ ಭತ್ತ ಹೇರಲಿಲ್ಲಲ್ಲ ಅಂತ ಹೊಟ್ಟಿ ಉರಿ ಇರಂಗಿಲ್ಲ.”

ಹಿಂದೆ ನಿಂತವರೆಲ್ಲ ಹೌದೌದೆಂದರು. ಪಂದ್ಯ ಬಿಟ್ಟುಹೋದ ಸುರಪುರದವರೂ ಬರುತ್ತಾರಂತೆ, ಚೀಲ ಹೇರುವುದಾದರೆ.

“ಪಂದ್ಯ ಉಳೀತಲ್ಲ ಭಾಯ್,” ಎಂದೆ ನಾನು, ಸಮಾಧಾನಕ್ಕೆ.

“ಉಳೀತ್ರಿ. ಅದಕ್ಕೇ ಹೇಸಿಗಿ ಬರಾಕತ್ತದ.”

ಅವರು ಟ್ರಾಲಿಯ ಮರೆಗೆ ಹೋಗಿ, ತಡೆದಿಟ್ಟದ್ದನ್ನೆಲ್ಲ ಸೇರಿಸಿ ಉಗುಳಿದರು. ಜೊತೆ ಕೊಡೋಣವೆಂದು, ಎಲೆಅಡಿಕೆ ಅಭ್ಯಾಸವಿಲ್ಲದ ನಾನೂ ಉಗುಳಿದೆ. ಅದು ನನ್ನ ಅಂಗಿಯ ಮೇಲೇ ಬಿತ್ತು.