ಇಯರ್ ತ್ರೀ ತರಗತಿಗೆ ಮೊದಲಿಗರಾದ ಉದಯಶಂಕರ್

ಉದಯಶಂಕರ್ ಅವರಿಗೆ ನ್ಯೂಜಿಲೆಂಡಿನ ಮೇಲೆ ಇದ್ದ ದೂರು ಒಂದೇ. ಹವೆ ಚೆನ್ನಾಗಿದೆ, ಹಾಲು ಗಟ್ಟಿಯಾಗಿದೆ, ಅಕ್ಕಪಕ್ಕದವರು ಕಂಡಾಗಲೆಲ್ಲ ನಗುತ್ತಾರೆ, ಎಲ್ಲ ಸರಿಯೇ. ಆದರೆ ಶಾಲೆಯಲ್ಲಿ ರ‍್ಯಾಂಕ್ ಕೊಡುವುದಿಲ್ಲ. ರ‍್ಯಾಂಕ್ ಇಲ್ಲದೆ ಈ ದೇಶ ಹೇಗೆ ಮುಂದೆ ಬಂತು ಎಂಬುದು ಅವರಿಗೆ ಬಗೆಹರಿಯದ ಪ್ರಶ್ನೆಯಾಗಿತ್ತು.

ಇದಕ್ಕೆ ಹಿನ್ನೆಲೆ ಇದೆ. ಮೈಸೂರಿನ ಸರಸ್ವತಿಪುರಂನಲ್ಲಿ ಓದುವಾಗ ಅವರು ಕ್ಲಾಸಿಗೆ ಯಾವಾಗಲೂ ಎರಡನೆಯವರು. ಮೊದಲನೆಯವನು ಹರಿಪ್ರಸಾದ. ಒಂದು ವರ್ಷ ಹರಿಪ್ರಸಾದನಿಗೆ ಕಾಮಾಲೆಯಾಗಿ ಅವನು ಪರೀಕ್ಷೆಗೇ ಬರಲಿಲ್ಲ. ಆ ಸಲವೂ ಉದಯಶಂಕರ್ ಎರಡನೆಯವರೇ ಆದರು. ಎಲ್ಲಿಂದಲೋ ಇನ್ನೊಬ್ಬ ಮೊದಲು ಬಂದುಬಿಟ್ಟ. ಆಮೇಲೆ ಇಂಜಿನಿಯರಿಂಗ್ ಆಯಿತು, ಮದುವೆಯಾಯಿತು, ವೀಸಾ ಬಂತು, ಆಕ್ಲೆಂಡಿನ ಹೊರವಲಯದ ಪಾಪಕುರಾದಲ್ಲಿ ಸ್ವಂತ ಮನೆಯೂ ಆಯಿತು. ಆ ಗಾಯ ಮಾತ್ರ ವಾಸಿಯಾಗಲಿಲ್ಲ.

ಅವರ ಕೆಲಸ ಆಕ್ಲೆಂಡ್ ಪೇಟೆಯ ಒಂದು ವಿಮಾ ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವುದು, ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಆಫೀಸಿನಲ್ಲಿ ಈ ಗುಣಕ್ಕೆ ಒಳ್ಳೆಯ ಹೆಸರಿತ್ತು. ಮನೆಯಲ್ಲಿ ಇದೇ ಗುಣಕ್ಕೆ ಹೆಂಡತಿ ಚಂದ್ರಿಕಾ ಬೇರೆ ಹೆಸರು ಇಟ್ಟಿದ್ದರು.

ಮಗಳು ರಚನಾ ಇಲ್ಲೇ ಹುಟ್ಟಿದವಳು, ಏಳು ವರ್ಷ, ಶಾಲೆಯಲ್ಲಿ ‘ಇಯರ್ ತ್ರೀ’. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬೇಸಗೆಯಲ್ಲಿ ಉಳಿದ ಮಕ್ಕಳಂತೆ ಬರಿಗಾಲಲ್ಲೇ ಶಾಲೆಯಲ್ಲೆಲ್ಲ ಓಡಾಡುತ್ತಿದ್ದಳು. ಶಾಲೆಯ ವರದಿಯಲ್ಲಿ, ‘ರಚನಾ ಒಳ್ಳೆಯ ಗೆಳತಿ, ಬಿದ್ದ ಪೆನ್ಸಿಲ್‌ಗಳನ್ನು ಕೇಳದೆಯೇ ಎತ್ತಿಡುತ್ತಾಳೆ’ ಎಂದು ಬರೆದಿತ್ತು. ಉದಯಶಂಕರ್ ಹಾಳೆ ತಿರುಗಿಸಿ ಹಿಂದೆಯೂ ನೋಡಿದರು. ಪೆನ್ಸಿಲ್ ಎತ್ತುವುದರಲ್ಲಿ ಎಷ್ಟನೆಯವಳು ಎಂದು ಅಲ್ಲೂ ಇರಲಿಲ್ಲ.

ಟೀಚರ್ ಹೆಸರು ಹೀನೆ. ಮಕ್ಕಳು ಅವರನ್ನು ‘ಫಾಯಾ ಹೀನೆ’ ಎನ್ನುತ್ತಿದ್ದರು. ಇಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಫಾಯಾ ಎಂದರೆ ಹೆಚ್ಚುಕಡಿಮೆ ನಮ್ಮ ಆಂಟಿ. ಆಂಟಿ ಎಂದು ಕರೆಸಿಕೊಳ್ಳುವ ಟೀಚರ್ ರ‍್ಯಾಂಕ್ ಕೊಡುತ್ತಾರೆಯೇ? ಉದಯಶಂಕರ್ ಆಸೆ ಬಿಟ್ಟಿದ್ದರು.

ಹಾಗಿರುವಾಗ, ೨೦೧೬ರಲ್ಲಿ, ಶಾಲೆಗೆ ತಂತ್ರಜ್ಞಾನ ಬಂತು. ಪೋಷಕರನ್ನೆಲ್ಲ ಹಾಲ್‌ಗೆ ಕರೆದು ಪ್ರಿನ್ಸಿಪಾಲರು ‘ಇಪ್ಪತ್ತೊಂದನೆಯ ಶತಮಾನದ ಕಲಿಕೆ’ಯ ಬಗ್ಗೆ ಮಾತಾಡಿದರು, ಆ ಶತಮಾನ ಅಂದು ಬೆಳಿಗ್ಗೆಯಷ್ಟೇ ಶುರುವಾಗಿದೆ ಎಂಬಂತಿತ್ತು ಅವರ ಸಡಗರ. ಪೋಷಕರು ಬಿಸ್ಕತ್ತು ತಿಂದರು. ಆಮೇಲೆ ಫಾಯಾ ಹೀನೆ ಪರದೆಯ ಮೇಲೆ ಲೆಕ್ಕದ ಆ್ಯಪ್ ತೋರಿಸಿದರು. ಅದರಲ್ಲಿ ಒಂದು ಗುಡ್ಡ. ಪ್ರತಿ ಮಗುವಿಗೂ ಒಂದು ‘ಕೀವಿ’, ಈ ದೇಶದ ಹಾರಲಾರದ ಹಕ್ಕಿ. ಲೆಕ್ಕ ಸರಿಯಾದರೆ ಹಕ್ಕಿ ಮೇಲೆ ಹತ್ತುತ್ತದೆ, ಮುಂದಿನ ಲೆಕ್ಕ ಇನ್ನಷ್ಟು ಕಷ್ಟದ್ದು ಬರುತ್ತದೆ.

“ಯಾರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ನನಗೆ ಗೊತ್ತಾಗಲಿ ಅಂತ ಇದು,” ಎಂದರು ಅವರು. “ಸಿಕ್ಕಿಹಾಕಿಕೊಂಡವರನ್ನು ಚಾಪೆಯ ಮೇಲೆ ನನ್ನ ಜೊತೆ ಕೂರಿಸಿಕೊಂಡು ಹೇಳಿಕೊಡ್ತೀನಿ. ಅದಕ್ಕೇ ಮನೆಯಲ್ಲಿ ದಯವಿಟ್ಟು ಮಕ್ಕಳೇ ಮಾಡಲಿ.”

ಈ ಮಾತು ಉದಯಶಂಕರ್ ಕಿವಿಗೆ ಬೀಳಲಿಲ್ಲ. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಬಹುಮಾನದ ಕಪ್ ಇತ್ತು. ಅದನ್ನು ಒತ್ತಿದಾಗ ಇಡೀ ಕ್ಲಾಸಿನ ಮಕ್ಕಳ ಹೆಸರು ಮೇಲಿನಿಂದ ಕೆಳಗೆ ಸಾಲಾಗಿ ಬಂತು. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಇಷ್ಟು ವರ್ಷ ಈ ದೇಶ ಬಚ್ಚಿಟ್ಟಿದ್ದ ರ‍್ಯಾಂಕ್ ಪಟ್ಟಿ ಕೊನೆಗೂ ಹೊರಬಿದ್ದಿತ್ತು.

ಕೆಲವೇ ವಾರಗಳಲ್ಲಿ ರಚನಾ ಆ ಪಟ್ಟಿಯ ಬುಡ ಸೇರಿದಳು. ಅವಳ ಕೆಳಗೆ ಒಬ್ಬನಿದ್ದ, ಅವನು ಇನ್ನೂ ಒಂದು ಸಲವೂ ಆ್ಯಪ್ ತೆರೆದಿರಲಿಲ್ಲ. ರಚನಾ ಕಳೆಯುವ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡು ಚಾಪೆಯ ಗುಂಪಿಗೆ ಹೋಗಿದ್ದಳು. ಅಲ್ಲಿ ಹಳೆಯ ಐಸ್‌ಕ್ರೀಮ್ ಡಬ್ಬಿಯೊಂದರಲ್ಲಿ ಪ್ಲಾಸ್ಟಿಕ್ ಮಣಿಗಳಿದ್ದವು, ಅವನ್ನು ಜರುಗಿಸುತ್ತ ಲೆಕ್ಕ ಮಾಡುವುದು. ಮನೆಗೆ ಬಂದು ಮಣಿಗಳ ಬಣ್ಣಗಳನ್ನೆಲ್ಲ ಅಪ್ಪನಿಗೆ ವರ್ಣಿಸಿದಳು. ತನ್ನ ಮಗಳು ಐಸ್‌ಕ್ರೀಮ್ ಡಬ್ಬಿಯ ಪಾಲಾದಳಲ್ಲ ಎಂದು ಅಪ್ಪ ಅಂದಿನಿಂದಲೇ ಅವಳು ಮನೆಯಲ್ಲಿ ಆ್ಯಪ್ ತೆರೆದಾಗಲೆಲ್ಲ ಕಾವಲಿಗೆ ಬಂದರು.

ಮೊದಲು ಅವರು ಪಕ್ಕದಲ್ಲಿ ಕೂತು ಬರೀ ಕೆಮ್ಮುತ್ತಿದ್ದರು. ತಪ್ಪು ಉತ್ತರದ ಕಡೆ ಬೆರಳು ಹೋದರೆ ಒಂದು ಕೆಮ್ಮು. ಆಮೇಲೆ ಕೆಮ್ಮು ಸಾಲದೆ ಬೆರಳು ಹಿಡಿದರು. ಆಮೇಲೆ, ಮಗುವಿಗೆ ಸುಮ್ಮನೆ ತೊಂದರೆ ಯಾಕೆಂದು, ಅವಳ ಪಾಸ್‌ವರ್ಡನ್ನು ತಮ್ಮ ಫೋನಿಗೇ ಹಾಕಿಕೊಂಡರು. ಬೆಕ್ಕು, ಬಾಳೆಹಣ್ಣು, ಚಂದ್ರ, ಈ ಮೂರು ಚಿತ್ರ ಒತ್ತಿದರೆ ಆಯಿತು.

ಅಂದಿನಿಂದ ಪಾಪಕುರಾದ ರೈಲು ಪೇಟೆ ತಲುಪುವಷ್ಟರಲ್ಲಿ ಉದಯಶಂಕರ್ ಬೆಕ್ಕು, ಬಾಳೆಹಣ್ಣು, ಚಂದ್ರ ಒತ್ತಿ ಏಳು ವರ್ಷದ ಮಕ್ಕಳ ಮೇಲೆ ದಂಡೆತ್ತಿ ಹೋಗುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಕಂಪನಿಯ ಗುರುತುಪಟ್ಟಿ, ಕೈಯಲ್ಲಿ ಕುಣಿಯುವ ಹಕ್ಕಿ. ಎದುರು ಸೀಟಿನವರು ನೋಡಿ ನಕ್ಕರೆ ಇವರೂ ನಗುತ್ತಿದ್ದರು. ಭಾಗಾಕಾರ ಬಂತು, ಭಿನ್ನರಾಶಿ ಬಂತು, ಹಕ್ಕಿ ಮೋಡ ದಾಟಿತು. ಒಂದು ಬೆಳಿಗ್ಗೆ ರಚನಾಳ ಹೆಸರು ಪಟ್ಟಿಯ ತುದಿಗೆ ಬಂದಾಗ ಅವರ ಕಣ್ಣು ಒದ್ದೆಯಾಯಿತು. ಹರಿಪ್ರಸಾದ ಎಲ್ಲಿದ್ದಾನೋ, ಇದನ್ನು ನೋಡಬೇಕಿತ್ತು ಅನ್ನಿಸಿತು.

ಆಫೀಸಿನಲ್ಲಿ ಯಾರಾದರೂ ಹೀಗೆ ಸುಳ್ಳು ಮಾಹಿತಿ ತುಂಬಿ ಪ್ರೋಗ್ರಾಮ್ ಚೆನ್ನಾಗಿದೆ ಎಂದಿದ್ದರೆ ಉದಯಶಂಕರ್ ಉದ್ದದ ಈಮೇಲ್ ಬರೆದು ಅವರ ಮಾನ ಹರಾಜು ಹಾಕುತ್ತಿದ್ದರು. ಇಲ್ಲಿ ಆ ಕಣ್ಣು ತೆರೆಯಲೇ ಇಲ್ಲ.

ಶಾಲೆಯಲ್ಲಿ ರಚನಾಗೆ ಎಲ್ಲರೆದುರು ಸರ್ಟಿಫಿಕೇಟ್ ಕೊಟ್ಟರು. ಅವಳನ್ನು ಚಾಪೆಯಿಂದ ಎಬ್ಬಿಸಿ, ಕಿಟಕಿ ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ಕೊಟ್ಟು ಒಬ್ಬಳನ್ನೇ ಕೂರಿಸಿದರು. ಅಷ್ಟು ಮೇಲೆ ಹೋದ ಮಗುವಿಗೆ ಮಣಿ ಯಾಕೆ, ಟೀಚರ್ ಯಾಕೆ? ಉದಯಶಂಕರ್ ಸರ್ಟಿಫಿಕೇಟನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದರು. ಆ ಮೇಲೆ ರಚನಾ ಮಣಿಗಳ ಮಾತೆತ್ತಲಿಲ್ಲ. ಕೆಲವು ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಿದ್ದಳು. ಚಂದ್ರಿಕಾ ಓಮದ ಕಷಾಯ ಮಾಡಿಕೊಟ್ಟರೆ ಮರುಮಾತಿಲ್ಲದೆ ಕುಡಿಯುತ್ತಿದ್ದಳು.

ಒಂದು ಭಾನುವಾರ ಕನ್ನಡದ ಸ್ನೇಹಿತರು ಊಟಕ್ಕೆ ಬಂದಿದ್ದರು. ಉದಯಶಂಕರ್ ಫೋನು ಹಿಡಿದು ಪಟ್ಟಿಯ ತುದಿಯನ್ನು ಎಲ್ಲರಿಗೂ ದರ್ಶನ ಮಾಡಿಸುತ್ತಿದ್ದರು. ಚಂದ್ರಿಕಾ ಅಡುಗೆಮನೆಯಿಂದಲೇ ಕೂಗಿದರು.

“ಪುಟ್ಟಾ, ಒಟ್ಟು ಹದಿಮೂರು ಜನ ಇದೀವಿ. ಟೇಬಲ್ ಮೇಲೆ ಎಂಟು ತಟ್ಟೆ ಇದೆ. ಇನ್ನೆಷ್ಟು ಬೇಕೋ ತಗೊಂಡ್ಹೋಗಿ ಇಡಮ್ಮ.”

ರಚನಾ ಕಪಾಟಿನ ಮುಂದೆ ನಿಂತಳು. ತುಟಿ ಅಲ್ಲಾಡಿತು, ಬೆರಳುಗಳು ಮಡಚಿ ತೆರೆದವು. ಕೊನೆಗೆ ಕಪಾಟಿನಲ್ಲಿದ್ದ ತಟ್ಟೆಗಳನ್ನೆಲ್ಲ ಎದೆಗೆ ಒತ್ತಿಕೊಂಡು ತಂದು ಟೇಬಲ್ ಮೇಲಿಟ್ಟಳು.

“ಅವಳಿಗೆ ಇಂಥ ಸಣ್ಣ ಲೆಕ್ಕದಲ್ಲೆಲ್ಲ ಆಸಕ್ತಿ ಇಲ್ಲ,” ಎಂದು ಉದಯಶಂಕರ್ ಸ್ನೇಹಿತರಿಗೆ ವಿವರಿಸಿದರು. ಎಲ್ಲರೂ ನಕ್ಕರು. ಚಂದ್ರಿಕಾ ನಗಲಿಲ್ಲ.

ಅವರೆಲ್ಲ ಹೋದ ಮೇಲೆ ಕೇಳಿದರು. “ರೀ, ಆ ಹಕ್ಕೀನ ಹತ್ತಿಸ್ತಿರೋದು ಯಾರು?”

“ಅವಳೇ. ನಾನು ಸ್ವಲ್ಪ ಕೈ ಜೋಡಿಸ್ತೀನಿ ಅಷ್ಟೆ.”

“ಅವಳಿಗೆ ಹದಿಮೂರರಲ್ಲಿ ಎಂಟು ಕಳಿಯೋಕೆ ಬರಲ್ಲ ಕಣ್ರೀ. ಟೀಚರ್‌ಗೆ ಹೇಳಿ.”

“ನೋಡೋಣ,” ಎಂದರು ಉದಯಶಂಕರ್. ಪಟ್ಟಿಯಲ್ಲಿ ಎರಡನೆಯವನು ಬಹಳ ಹತ್ತಿರ ಬಂದಿದ್ದ. ಇಂಥ ಹೊತ್ತಿನಲ್ಲಿ ಹೇಳುವುದಾದರೂ ಹೇಗೆ?

ಹೇಳುವ ಕೆಲಸವನ್ನು ಶಾಲೆಯ ಪದ್ಧತಿಯೇ ಮಾಡಿತು. ಇಲ್ಲಿ ಪೋಷಕರ ಭೇಟಿಯ ದಿನ ಟೀಚರ್ ಮಾತಾಡುವುದಿಲ್ಲ. ಮಗುವೇ ಅಪ್ಪ ಅಮ್ಮನನ್ನು ಕೂರಿಸಿ, ನಾನು ಇದನ್ನು ಕಲಿತೆ ಎಂದು ತೋರಿಸಬೇಕು. ಉದಯಶಂಕರ್ ಕೋಟು ಹಾಕಿಕೊಂಡು ಹೋಗಿ ಮೊಣಕಾಲೆತ್ತರದ ಕುರ್ಚಿಯಲ್ಲಿ ಕೂತರು. ರಚನಾ ಲ್ಯಾಪ್‌ಟಾಪ್ ತೆರೆದಳು. ಗುಡ್ಡದ ನೆತ್ತಿಯಲ್ಲಿ ಹಕ್ಕಿ ಕುಣಿಯುತ್ತಿತ್ತು.

“ದಿಸ್ ಈಸ್ ಅಪ್ಪಾಸ್ ಲರ್ನಿಂಗ್,” ಎಂದಳು. “ಹೀ ಡಸ್ ಇಟ್ ಆನ್ ದ ಟ್ರೇನ್.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಏನು ಕಲಿತಿದ್ದೇವೆಂದು ತೋರಿಸಬೇಕು ಎಂದಿದ್ದರು, ಅಪ್ಪ ಕಲಿತದ್ದನ್ನೂ ತೋರಿಸಿದ್ದಳು.

ಫಾಯಾ ಹೀನೆ ಪರದೆಯನ್ನು ನೋಡಿದರು, ಆಮೇಲೆ ಕೋಟನ್ನು ನೋಡಿದರು. “ಕಾ ಪೈ, ಡ್ಯಾಡ್,” ಎಂದರು. ಮಾವೊರಿಯಲ್ಲಿ ಅದು ಭೇಷ್ ಎನ್ನುವ ಮಾತು. “ಇಡೀ ಕ್ಲಾಸಿಗೆ ನೀವೇ ಫಸ್ಟ್.”

ಜೀವಮಾನವೆಲ್ಲ ಕಾದಿದ್ದ ಮಾತು ಹೀಗೆ ಬಂತು. ಉದಯಶಂಕರ್ ಮುಖ ಹುಳ್ಳಗಾಯಿತು.

ಫಾಯಾ ಹೀನೆ ಮಗುವಿನ ಕಡೆ ತಿರುಗಿ, ನನಗೆ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದರು. ರಚನಾ ಭುಜ ಕುಣಿಸಿ ಇಂಗ್ಲಿಷಿನಲ್ಲಿ ಹೇಳಿದಳು, ಅಪ್ಪನಿಗೆ ಫಸ್ಟ್ ಬರುವುದು ತುಂಬ ಇಷ್ಟ, ಪಟ್ಟಿ ನೋಡುವಾಗ ಮಾತ್ರ ಅಪ್ಪ ತನ್ನನ್ನು ಎತ್ತಿಕೊಳ್ಳುತ್ತಾರೆ ಎಂದು.

ಚಂದ್ರಿಕಾ ಕಿಟಕಿಯ ಕಡೆ ಮುಖ ತಿರುಗಿಸಿದರು. ಉದಯಶಂಕರ್ ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು. ಅವರಿಗೆ ನಾಚಿಕೆಯಾಯಿತು, ಎಲ್ಲಿ ಮುಖ ಇಡುವುದೆಂದು ತಿಳಿಯಲಿಲ್ಲ.

“ತಪ್ಪು ನನ್ನದೂ ಇದೆ,” ಎಂದರು ಫಾಯಾ ಹೀನೆ. “ಕಿಟಕಿ ಪಕ್ಕ ಸುಮ್ಮನೆ ಕೂತಿರ್ತಿದ್ದಳು. ಅವಳ ಮುಖ ನೋಡೋದು ಬಿಟ್ಟು ನಾನು ಹಕ್ಕಿ ನೋಡಿದೆ.” ಆಮೇಲೆ ರಚನಾಗೆ, “ಈಗ ನಿನ್ನದು ತೋರಿಸು,” ಎಂದರು.

ರಚನಾ ಓಡಿಹೋಗಿ ಐಸ್‌ಕ್ರೀಮ್ ಡಬ್ಬಿ ತಂದಳು. ಚಾಪೆಯ ಮೇಲೆ ಕೂತು, ಅಪ್ಪನಿಗೂ ಕೂರುವಂತೆ ಕೈ ತೋರಿಸಿದಳು. ಉದಯಶಂಕರ್ ಕೋಟಿನ ಸಮೇತ ನೆಲಕ್ಕೆ ಇಳಿದರು. ಹದಿಮೂರು ಮಣಿ ಸಾಲಾಗಿ ಇಟ್ಟು ಎಂಟನ್ನು ಆಚೆ ಜರುಗಿಸಬೇಕು. ಅವಳು ಏಳು ಜರುಗಿಸಿದಳು. ಉಳಿದದ್ದನ್ನು ಎಣಿಸಿ, ಆರು ಎಂದಳು. ಸರಿಯೇ ಎಂದು ಟೀಚರ್ ಮುಖ ನೋಡಿದಳು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಉದಯಶಂಕರ್ ಗಂಟಲಲ್ಲಿ ಆ ಹಳೆಯ ಕೆಮ್ಮು ಮೇಲೆದ್ದು ಬಂತು. ರಚನಾ ತಲೆ ಎತ್ತದೆಯೇ ಒಂದು ಕೈಯನ್ನು ಅಪ್ಪನ ಮೊಣಕಾಲ ಮೇಲಿಟ್ಟಳು.

“ಅಪ್ಪಾ, ಹೇಳ್ಬೇಡ,” ಎಂದಳು, ಕನ್ನಡದಲ್ಲಿ.

ಮಣಿಗಳನ್ನೆಲ್ಲ ಮತ್ತೆ ಒಟ್ಟಿಗೆ ಎಳೆದುಕೊಂಡು ಒಂದರಿಂದ ಎಣಿಸತೊಡಗಿದಳು. ಉದಯಶಂಕರ್ ಕೆಮ್ಮು ನುಂಗಿಕೊಂಡು ಕೂತರು.